ಸಿಹಿ ನಿತ್ಯವೋ ನೈಮಿತ್ತಿಕವೋ

ಮಂಡ್ಯದಲ್ಲಿರುವ ನನ್ನ ಸೋದರಮಾವನಿಗೆ ಶುಗರ್ ಬಂದು ಒಂಬತ್ತು ವರ್ಷವಾಯಿತು. ಎರಡು ವರ್ಷದಿಂದ ಅವರು ಸಕ್ಕರೆ ಮುಟ್ಟಿಲ್ಲ. ಹೋದ ತಿಂಗಳು ಅವರ ಮನೆಗೆ ಹೋದಾಗ ಅತ್ತೆ ಎರಡು ಲೋಟ ಟೀ ತಂದಿಟ್ಟರು. ನನ್ನದು ಮಾಮೂಲಿ ಬಣ್ಣದ್ದು, ಮಾವನದು ಕೊಂಚ ಕಪ್ಪಗೆ.

“ಇದು ಬೆಲ್ಲದ್ದು ಕಣೋ. ಆ ಬಿಳೀ ವಿಷನ ನನ್ನ ಲೋಟದಿಂದಲೇ ಓಡಿಸಿದ್ದೀನಿ.”

“ದಿನಕ್ಕೆ ಎಷ್ಟು ಲೋಟ ಮಾವ?”

“ನಾಲ್ಕೋ ಐದೋ. ಬೆಲ್ಲ ತಾನೆ?”

“ಮತ್ತೆ ಶುಗರ್ ಯಾಕೆ ಇಳೀಲಿಲ್ಲ?”

ಮಾವ ಲೋಟದ ಮೇಲಿನ ಕೆನೆ ಊದಿದರು. ಉತ್ತರ ಅತ್ತೆಯಿಂದ ಬಂತು: “ಬೆಲ್ಲ ಅಂತ ಹೇಳಿ ಒಂದು ಚೂರು ಜಾಸ್ತಿನೇ ಹಾಕಿಸ್ಕೊತಾರೆ. ನೀನೇ ಕೇಳಪ್ಪ.”

ಕೇಳಲು ಹೊರಟರೆ ಪ್ರಶ್ನೆ ಬೆಲ್ಲದಲ್ಲಿ ನಿಲ್ಲುವುದಿಲ್ಲ. ಜೇನು ಆದೀತೆ? ಹಣ್ಣಿನ ರಸ? ಔಷಧಿ ಅಂಗಡಿಯ ಪುಟ್ಟ ಬಿಳಿ ಗುಳಿಗೆ? ಹಬ್ಬದ ದಿನ ಹೋಳಿಗೆ? ಇಂಥ ಗೋಜಲನ್ನು ಬಿಡಿಸುವುದನ್ನೇ ಕಸುಬು ಮಾಡಿಕೊಂಡವರು ಪೂರ್ವಮೀಮಾಂಸಕರು. ಯಾವ ಧಾನ್ಯ, ಎಷ್ಟು, ಯಾವ ಹೊತ್ತಿಗೆ, ಅದು ಸಿಗದಿದ್ದರೆ ಬದಲಿ ಏನು ಎಂದು ಯಜ್ಞದ ಬಗ್ಗೆ ಅವರು ಕೇಳಿದ ಪ್ರಶ್ನೆಗಳು ಅಡುಗೆಮನೆಯ ಪ್ರಶ್ನೆಗಳೂ ಹೌದು. ಅಧಿಕರಣವೆಂದು ಕರೆಯುವ ಒಂದೊಂದು ವಾದಕ್ಕೂ ಅವರು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗ ಕಟ್ಟಿದರು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರ ಕೊಡುವುದು ಅವರ ಮರ್ಯಾದೆ. ಆ ಚೌಕಟ್ಟನ್ನು ಇಲ್ಲಿ ಸಾಲ ಪಡೆದಿದ್ದೇನೆ.

ಇನ್ನೊಂದು ಸಾಲವೂ ಇದೆ. ಮೀಮಾಂಸಕರು ಕರ್ಮವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಅಗ್ನಿಹೋತ್ರದಂತೆ ದಿನವೂ ಬಿಡದೆ ಮಾಡಬೇಕಾದ್ದು ನಿತ್ಯ. ಮಗು ಹುಟ್ಟಿದಾಗ, ಗ್ರಹಣ ಹಿಡಿದಾಗ, ಅಂದರೆ ಒಂದು ನಿಮಿತ್ತ ಒದಗಿದಾಗ ಮಾಡುವುದು ನೈಮಿತ್ತಿಕ. ಮಳೆ ಬೇಕೆಂದು ಮಾಡುವ ಕಾರೀರಿ ಇಷ್ಟಿಯಂತೆ ಆಸೆಗಾಗಿ ಮಾಡುವುದು ಕಾಮ್ಯ, ಮಾಡದಿದ್ದರೆ ದೋಷವೇನಿಲ್ಲ. ನನ್ನ ಪ್ರತಿಜ್ಞೆ ಇಷ್ಟು: ನಮ್ಮ ಅಡುಗೆಯಲ್ಲಿ ನೈಮಿತ್ತಿಕವಾಗಿದ್ದ ಸಿಹಿ ಕಾಮ್ಯವಾಯಿತು, ಕಾಮ್ಯವಾದದ್ದು ಸದ್ದಿಲ್ಲದೆ ನಿತ್ಯದ ಮಣೆಯ ಮೇಲೆ ಕೂತಿತು. ಕೆಡುಕಿನ ಬೇರು ಅಲ್ಲಿದೆ. ಯಾವ ಸಿಹಿ ಎಂಬುದು ಗೌಣ ಪ್ರಶ್ನೆ; ಯಾವಾಗ, ಯಾವ ನಿಮಿತ್ತಕ್ಕೆ ಎಂಬುದು ಮುಖ್ಯ ಪ್ರಶ್ನೆ.

1. ವಿಷಯ: ಸಕ್ಕರೆ ಎಂದರೆ ಯಾವುದು

ಲಕ್ಷಣ ಹೇಳದೆ ವಾದ ಶುರು ಮಾಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಬಿಡಿ ಸಕ್ಕರೆ ಎಂಬ ವರ್ಗವನ್ನು ಮುಂದಿಟ್ಟಿತು. ಅಡುಗೆಯವರೋ ಕಾರ್ಖಾನೆಯವರೋ ತಿಂಡಿಗೆ ಬೆರೆಸಿದ ಸಕ್ಕರೆಯೆಲ್ಲ ಇದರೊಳಗೆ ಬರುತ್ತದೆ. ಜೇನು, ಪಾಕ, ಹಣ್ಣಿನ ರಸಗಳಲ್ಲಿ ತಾನಾಗಿ ಇರುವ ಸಕ್ಕರೆಯೂ ಬರುತ್ತದೆ. ಇಡೀ ಹಣ್ಣಿನೊಳಗಿನ ಸಕ್ಕರೆ, ಹಾಲಿನೊಳಗಿನ ಸಕ್ಕರೆ ಇದರಲ್ಲಿ ಸೇರುವುದಿಲ್ಲ. ಬಣ್ಣ, ಹೆಸರು, ಬೆಲೆ ಇವು ಯಾವುವೂ ಲಕ್ಷಣದಲ್ಲಿಲ್ಲ ಎಂಬುದನ್ನು ಗಮನಿಸಿ.

ಪ್ರಮಾಣ ಹೀಗೆ: ದಿನದ ಒಟ್ಟು ಶಕ್ತಿಯಲ್ಲಿ ಬಿಡಿ ಸಕ್ಕರೆಯ ಪಾಲು ಶೇ. 10 ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಮೊದಲನೆಯದು 50 ಗ್ರಾಂ, ಎರಡನೆಯದು 25 ಗ್ರಾಂ.

ಗ್ರಾಂ ಎಂದರೆ ಕೈಗೆ ಸಿಗುವುದಿಲ್ಲವೆಂದು ಒಂದು ಭಾನುವಾರ ಅಡುಗೆಮನೆಯ ತಕ್ಕಡಿ ತೆಗೆದೆ. ನಮ್ಮ ಸಕ್ಕರೆ ಡಬ್ಬದೊಳಗಿನ ಚಮಚವನ್ನು ಬೆರಳಿನಿಂದ ಮಟ್ಟ ಮಾಡಿ ತೂಗಿದರೆ 5 ಗ್ರಾಂ. ಅಮ್ಮ ಹಾಕುವ ಹಾಗೆ ಗೋಪುರ ಕಟ್ಟಿ ತೂಗಿದರೆ 8 ಗ್ರಾಂ. ಲೋಟಕ್ಕೆ ಎರಡು ಚಮಚ ಎಂಬುದು 10 ಗ್ರಾಂ ಇರಬಹುದು, 16 ಇರಬಹುದು. ಬಾಯಲ್ಲಿ ಹೇಳುವಾಗ ಎರಡೂ ‘ಎರಡು ಚಮಚ’ವೇ. ಆಮೇಲೆ ದಿನಸಿ ಚೀಟಿ ನೋಡಿದೆ. ನಾಲ್ಕು ಜನಕ್ಕೆ ತಿಂಗಳಿಗೆ ಸಕ್ಕರೆ 4 ಕೆಜಿ, ಬೆಲ್ಲ 1 ಕೆಜಿ. ಭಾಗಿಸಿದರೆ ತಲೆಗೆ ದಿನಕ್ಕೆ ಹತ್ತಿರಹತ್ತಿರ 42 ಗ್ರಾಂ. ಬಿಸ್ಕತ್ತು, ಬ್ರೆಡ್ಡು, ಟೊಮೆಟೊ ಸಾಸು, ಆಫೀಸಿನ ಟೀ, ಬೇಕರಿಯ ಪೊಟ್ಟಣ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ನಾವು ಸಿಹಿ ಹೆಚ್ಚು ತಿನ್ನದ ಮನೆ ಎಂದೇ ನಾನು ಅಲ್ಲಿಯವರೆಗೆ ನಂಬಿದ್ದೆ.

2. ಸಂಶಯ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಹೊರಬಂತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಬಹುಪಾಲು ಮನೆಗಳು ಏನೋ ಒಂದು ಬದಲಾವಣೆ ಮಾಡಿಕೊಂಡಿರುತ್ತವೆ: ಸಕ್ಕರೆ ಹೋಗಿ ಬೆಲ್ಲ, ಬೆಲ್ಲ ಹೋಗಿ ಜೇನು, ಜೇನು ಹೋಗಿ ಗುಳಿಗೆ. ಈ ಬದಲಾವಣೆಗಳಿಂದ ಫಲವುಂಟೆ ಇಲ್ಲವೆ? ಇದೇ ಸಂಶಯ. ಮುಂದಿನ ಆರು ಅಧಿಕರಣಗಳು ಇದರ ಕವಲುಗಳು.

3. ಬೆಲ್ಲದ ಅಧಿಕರಣ

ಪೂರ್ವಪಕ್ಷ: ಬೆಲ್ಲ ಆಲೆಮನೆಯದು, ಸಕ್ಕರೆ ಕಾರ್ಖಾನೆಯದು. ಬೆಲ್ಲದಲ್ಲಿ ಕಬ್ಬಿಣವಿದೆ, ಖನಿಜಗಳಿವೆ. ನಮ್ಮ ಅಜ್ಜಂದಿರು ಅದನ್ನೇ ತಿಂದು ಗಟ್ಟಿಯಾಗಿದ್ದರು.

ಸಿದ್ಧಾಂತ: ಆಲೆಮನೆಯ ಒಲೆಯ ಮುಂದೆ ಒಂದು ಗಂಟೆ ನಿಂತು ನೋಡಿದರೆ ಅರ್ಧ ವಾದ ಕರಗುತ್ತದೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಸುಣ್ಣದ ತಿಳಿಯನ್ನೋ ಬೆಂಡೆಗಿಡದ ಲೋಳೆಯನ್ನೋ ಹಾಕಿದರೆ ಕಶ್ಮಲ ನೊರೆಯಾಗಿ ಮೇಲೆ ಬರುತ್ತದೆ, ಅದನ್ನು ಜಾಲರಿಯಿಂದ ತೆಗೆಯುತ್ತಾರೆ. ನೀರು ಆವಿಯಾಗಿ ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯುತ್ತಾರೆ. ಕಾರ್ಖಾನೆಯಲ್ಲೂ ಮೊದಲ ಹೆಜ್ಜೆಗಳು ಇವೇ. ಅಲ್ಲಿ ಹರಳುಗಟ್ಟಿಸಿ ಕಾಕಂಬಿಯನ್ನು ಬೇರ್ಪಡಿಸುತ್ತಾರೆ, ಇಲ್ಲಿ ಬೇರ್ಪಡಿಸುವುದಿಲ್ಲ. ಆ ಉಳಿದ ಕಾಕಂಬಿಯೇ ಬೆಲ್ಲದ ಬಣ್ಣ, ಘಮ, ಖನಿಜ. ಮಿಕ್ಕಂತೆ ಬೆಲ್ಲದ ನೂರು ಪಾಲಿನಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಸಕ್ಕರೆಯೇ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ ಸುಮಾರು 380.

ಕಬ್ಬಿಣದ ಮಾತು. ಧಾರಾಳವಾಗಿ ನೂರು ಗ್ರಾಂ ಬೆಲ್ಲಕ್ಕೆ 10 ಮಿಲಿಗ್ರಾಂ ಎಂದೇ ಒಪ್ಪಿಕೊಳ್ಳೋಣ. ಟೀಗೆ ಹಾಕುವ 10 ಗ್ರಾಂ ಚೂರಿನಲ್ಲಿ ಸಿಗುವುದು 1 ಮಿಲಿಗ್ರಾಂ. ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. ಬೆಲ್ಲದಿಂದಲೇ ಅದನ್ನು ತುಂಬಿಸಲು ಹೊರಟರೆ ದಿನಕ್ಕೆ ಕಾಲು ಕೆಜಿಗೂ ಹೆಚ್ಚು ತಿನ್ನಬೇಕು. ಅದೂ ಟೀಯಲ್ಲಿ ಹಾಕಿದರೆ ಟೀಯ ಒಗರು ಅಂಶ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನುಗ್ಗೆಸೊಪ್ಪಿನ ಪಲ್ಯ, ಹುರುಳಿಕಾಳಿನ ಸಾರು, ಮೇಲೆ ಒಂದು ಹೋಳು ನಿಂಬೆ ಈ ಕೆಲಸವನ್ನು ಎಷ್ಟೋ ಮೇಲಾಗಿ ಮಾಡುತ್ತವೆ.

ಜೇನಿಗೂ ಇದೇ ನ್ಯಾಯ. ಅದರಲ್ಲಿ ನೀರು ಕೊಂಚ ಇದೆ, ಮಿಕ್ಕದ್ದು ಬಹುತೇಕ ಫ್ರಕ್ಟೋಸ್ ಮತ್ತು ಗ್ಲೂಕೋಸ್. ಒಂದು ಎಚ್ಚರಿಕೆ: ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಅದರಲ್ಲಿ ಇರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಾಣು ದೊಡ್ಡವರಿಗೆ ನಿರಪಾಯ, ಕೂಸಿನ ಕರುಳಿಗೆ ಅಪಾಯ.

ಹಾಗಾದರೆ ಬೆಲ್ಲಕ್ಕೂ ಸಕ್ಕರೆಗೂ ವ್ಯತ್ಯಾಸವೇ ಇಲ್ಲವೆ? ಇದೆ, ರುಚಿಯಲ್ಲಿದೆ. ಹೋಳಿಗೆಯ ಹೂರಣಕ್ಕೆ, ಕಾಯಿಹಾಲಿಗೆ, ಗೊಜ್ಜಿಗೆ ಬೆಲ್ಲವೇ ಆಗಬೇಕು. ಆದರೆ ರುಚಿಯ ಹಕ್ಕಿನಿಂದ ಒಳಬಂದದ್ದಕ್ಕೆ ಔಷಧಿಯ ಗೌರವ ಕೊಡಬಾರದು. ಮಾವ ಮಾಡಿದ್ದು ಅದನ್ನೇ. ಬೆಲ್ಲವೆಂಬ ಧೈರ್ಯದಲ್ಲಿ ಒಂದು ಚೂರು ಹೆಚ್ಚು, ಒಂದು ಲೋಟ ಹೆಚ್ಚು.

4. ಹಣ್ಣಿನ ಅಧಿಕರಣ

ಪೂರ್ವಪಕ್ಷ: ಸಕ್ಕರೆ ಸಕ್ಕರೆಯೇ ಆದರೆ ಹಣ್ಣನ್ನೂ ಬಿಡಬೇಕು. ಹಣ್ಣು ಬೇಡವೆನ್ನುವುದಿಲ್ಲವಾದರೆ ಅದರ ರಸವೂ ಬೇಕು. ಎರಡರ ನಡುವೆ ಗೆರೆ ಎಳೆಯುವುದು ಪಕ್ಷಪಾತ.

ಸಿದ್ಧಾಂತ: ಗೆರೆಯನ್ನು ಎಳೆಯುವುದು ನಾರು ಮತ್ತು ಹಲ್ಲು. ಕಿತ್ತಳೆಯ ತೊಳೆ ಬಿಡಿಸಿ, ಬೀಜ ಉಗಿದು, ಅಗಿದು ತಿನ್ನುವಾಗ ಎರಡನೆಯ ಹಣ್ಣಿಗೇ ಸಾಕೆನಿಸುತ್ತದೆ. ಲೋಟದ ರಸಕ್ಕೆ ಮೂರು ಹಣ್ಣು ಹೋಗುತ್ತವೆ, ಮೂರೇ ಗುಟುಕಿಗೆ ಮುಗಿಯುತ್ತದೆ, ಹೊಟ್ಟೆಗೆ ತಿಂದ ನೆನಪೇ ಇರುವುದಿಲ್ಲ. ನಾರಿನ ಬೇಲಿಯೊಳಗಿದ್ದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಬೇಲಿ ಕಿತ್ತರೆ ಒಮ್ಮೆಗೇ ನುಗ್ಗುತ್ತದೆ. ಅಮೆರಿಕದ ಮೂರು ದೀರ್ಘಾವಧಿ ಅಧ್ಯಯನಗಳ ವಿವರ ಕೂಡಿಸಿ 2013ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ದ್ರಾಕ್ಷಿ, ಸೇಬುಗಳಂಥ ಇಡೀ ಹಣ್ಣು ತಿನ್ನುವವರಿಗೆ ಮಧುಮೇಹದ ಸಂಭವ ಕಡಿಮೆ, ರಸ ಕುಡಿಯುವವರಿಗೆ ಹೆಚ್ಚು ಎಂದು ಕಂಡಿತು. ಹಣ್ಣು ಒಂದೇ, ಫಲ ಎರಡು.

ರಸ್ತೆ ಬದಿಯ ಕಬ್ಬಿನ ಹಾಲನ್ನು ‘ನ್ಯಾಚುರಲ್’ ಎಂದು ಕುಡಿಯುವವರಿಗೂ ಇದೇ ಉತ್ತರ. ದೊಡ್ಡ ಲೋಟವೊಂದರಲ್ಲಿ 30 ಗ್ರಾಂಗೆ ಕಡಿಮೆಯಿಲ್ಲದ ಸಕ್ಕರೆ ಇರುತ್ತದೆ. ಕಬ್ಬನ್ನು ಸಿಗಿದು ಅಗಿಯುತ್ತೇನೆಂದರೆ ಅಡ್ಡಿಯಿಲ್ಲ. ಒಂದು ಗೇಣು ಮುಗಿಯುವಷ್ಟರಲ್ಲಿ ದವಡೆಯೇ ಸಾಕೆನ್ನುತ್ತದೆ.

5. ಕಾರಣದ ಅಧಿಕರಣ

ಪೂರ್ವಪಕ್ಷ: ಸಕ್ಕರೆ ತಿಂದರೆ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ಹೆಸರು ನೋಡಿ ಹುಟ್ಟಿದ ನಂಬಿಕೆ. ಕಾಯಿಲೆ ತಂದೆಯಿಂದ ಬರುತ್ತದೆ, ತೂಕದಿಂದ ಬರುತ್ತದೆ. ಇನ್ನು ತಟ್ಟೆಯಲ್ಲಿ ಗುಡ್ಡದಂತಿರುವ ಅನ್ನವೂ ಹೊಟ್ಟೆಯೊಳಗೆ ಗ್ಲೂಕೋಸೇ ಆಗುವಾಗ ಎರಡು ಚಮಚ ಸಕ್ಕರೆಯ ಮೇಲೇಕೆ ಕೋಪ?

ಸಿದ್ಧಾಂತ: ಈ ಪೂರ್ವಪಕ್ಷದಲ್ಲಿ ಅರ್ಧ ಸತ್ಯವಿದೆ, ಒಪ್ಪಬೇಕು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಹಿಂದಿನ ವೈದ್ಯರು ಮಧುಮೇಹವೆಂದು ಹೆಸರಿಟ್ಟರು. ಅದು ಲಕ್ಷಣದ ಹೆಸರು, ಕಾರಣದ್ದಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೇ ಬಗೆಯ ಮಧುಮೇಹಕ್ಕೂ ಮಗು ತಿಂದ ಚಾಕೊಲೇಟಿಗೂ ಸಂಬಂಧವಿಲ್ಲ. ಆ ತಾಯಂದಿರಿಗೆ “ಸಿಹಿ ಕೊಟ್ಟು ಕೆಡಿಸಿದೆ” ಎನ್ನುವುದು ಅಜ್ಞಾನ, ಕ್ರೌರ್ಯ.

ಎರಡನೇ ಬಗೆಯದರಲ್ಲಿ ವಂಶ, ಹೊಟ್ಟೆಯ ಬೊಜ್ಜು, ಕೂತೇ ಇರುವ ಬದುಕು ಎಲ್ಲವೂ ಕೂಡಿ ಕೆಲಸ ಮಾಡುತ್ತವೆ. ಸಕ್ಕರೆ ಆ ಕೂಟದ ಒಬ್ಬ ಸದಸ್ಯ. ಅದರ ಕೆಲಸ ಹೀಗೆ: ಸಣ್ಣ ಕರುಳಿನಲ್ಲಿ ಸಕ್ಕರೆಯ ಅಣು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಗ್ಲೂಕೋಸನ್ನು ಮೈಯ ಎಲ್ಲ ಅಂಗಗಳೂ ಹಂಚಿಕೊಳ್ಳುತ್ತವೆ. ಫ್ರಕ್ಟೋಸಿನ ಬಹುಭಾಗ ಯಕೃತ್ತಿನ ಪಾಲು. ದಿನವೂ ಬೇಕಾದ್ದಕ್ಕಿಂತ ಹೆಚ್ಚು ಸುರಿದರೆ ಯಕೃತ್ತು ಅದನ್ನು ಕೊಬ್ಬಾಗಿ ಮಾಡಿಡುತ್ತದೆ. ಕೊಬ್ಬಿದ ಯಕೃತ್ತಿಗೆ ಇನ್ಸುಲಿನ್ ಮಾತು ಕೇಳಿಸುವುದು ಕಡಿಮೆ. ಸಿಹಿ ಪಾನೀಯವನ್ನು ದಿನಕ್ಕೆ ಒಂದೆರಡು ಸಲ ಕುಡಿಯುವವರಿಗೆ, ಅಪರೂಪಕ್ಕೆ ಕುಡಿಯುವವರಿಗಿಂತ, ಈ ಕಾಯಿಲೆಯ ಸಂಭವ ಸುಮಾರು ಶೇ. 26 ಹೆಚ್ಚು ಎಂದು 2010ರ ವಿಶ್ಲೇಷಣೆಯೊಂದು ಲೆಕ್ಕ ಕೊಟ್ಟಿತು.

“ಇವೆಲ್ಲ ಬರೀ ಜೊತೆಜೊತೆಗೆ ಕಂಡದ್ದು, ಕಾರಣವೆನ್ನಲು ಸಾಲದು” ಎನ್ನುವವರಿಗೆ ಬ್ರಿಟನ್ನಿನ ಪಡಿತರದ ಕಥೆ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಶುರುವಾದ ಸಕ್ಕರೆ ಪಡಿತರ ಅಲ್ಲಿ 1953ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಕೂಡಲೇ ಜನ ತಿನ್ನುವ ಸಕ್ಕರೆ ಹತ್ತಿರಹತ್ತಿರ ಇಮ್ಮಡಿಯಾಯಿತು. ಅದಕ್ಕೆ ಕೊಂಚ ಮೊದಲು ಹುಟ್ಟಿದವರು, ಕೊಂಚ ಆಮೇಲೆ ಹುಟ್ಟಿದವರು ಊರು, ಗಾಳಿ, ಶಾಲೆ ಎಲ್ಲದರಲ್ಲೂ ಸಮಾನರು; ಬೇರೆಯಾದದ್ದು ಗರ್ಭದಲ್ಲೂ ಮೊದಲೆರಡು ವರ್ಷದಲ್ಲೂ, ಅಂದರೆ ಸುಮಾರು ಸಾವಿರ ದಿನ, ಸಿಕ್ಕ ಸಕ್ಕರೆ. ಅವರೆಲ್ಲ ಮುದುಕರಾದ ಮೇಲೆ ದಾಖಲೆ ತೆಗೆದು ನೋಡಿದ ಅಧ್ಯಯನ 2024ರಲ್ಲಿ ಬಂತು. ಪಡಿತರದ ಕಾಲದಲ್ಲಿ ಆ ಸಾವಿರ ದಿನ ಕಳೆದವರಲ್ಲಿ ಎರಡನೇ ಬಗೆಯ ಮಧುಮೇಹದ ಸಂಭವ ಸುಮಾರು ಶೇ. 35, ರಕ್ತದೊತ್ತಡದ ಸಂಭವ ಸುಮಾರು ಶೇ. 20 ಕಡಿಮೆಯಿತ್ತು. ಸರ್ಕಾರ ಮಕ್ಕಳ ಆರೋಗ್ಯಕ್ಕೆಂದು ಇದನ್ನು ಮಾಡಿರಲಿಲ್ಲ. ಸಕ್ಕರೆ ಇರಲಿಲ್ಲ, ಅಷ್ಟೆ.

ಅನ್ನದ ಆಕ್ಷೇಪ ಉಳಿಯಿತು. ಅನ್ನದ ಗುಡ್ಡ ಇಳಿಯಲೇಬೇಕು, ಬೇಳೆ, ಕಾಳು, ತರಕಾರಿ ಏರಬೇಕು, ಇದರಲ್ಲಿ ತಕರಾರಿಲ್ಲ. ಮುದ್ದೆ ಉಂಡರೆ ಎಷ್ಟಾದರೂ ಉಣ್ಣಬಹುದೆಂಬ ಧೈರ್ಯವೂ ಬೆಲ್ಲದ ಧೈರ್ಯದಂಥದೇ. ಆದರೆ ಅನ್ನ ಹಸಿವಿಗೆ ಉತ್ತರ ಕೊಡುತ್ತದೆ, ಹಸಿವು ತೀರಿದಾಗ ನಿಲ್ಲುತ್ತದೆ. ಊಟ ಮುಗಿಸಿ ಕೈತೊಳೆದವನೂ ಜಾಮೂನಿಗೆ ಜಾಗ ಮಾಡಿಕೊಳ್ಳುತ್ತಾನೆ. ಒಂದು ನಿತ್ಯ, ಇನ್ನೊಂದು ಕಾಮ್ಯ. ನಿತ್ಯವನ್ನು ಮಿತಗೊಳಿಸಬೇಕು, ಕಾಮ್ಯವನ್ನು ಮೊದಲು ಗುರುತಿಸಬೇಕು.

6. ಪ್ರಮಾಣದ ಅಧಿಕರಣ

ಪೂರ್ವಪಕ್ಷ: ನಿನ್ನೆ ಕೊಬ್ಬು ಕೆಟ್ಟದ್ದೆಂದರು, ಇಂದು ಸಕ್ಕರೆ ಕೆಟ್ಟದ್ದೆನ್ನುತ್ತಾರೆ. ಇವರ ಮಾತು ಪ್ರಮಾಣವಾಗುವುದು ಹೇಗೆ?

ಸಿದ್ಧಾಂತ: ಯಾರ ಮಾತು ಪ್ರಮಾಣ ಎಂಬುದಕ್ಕೆ ಮೀಮಾಂಸೆಯಲ್ಲಿ ಚುರುಕಾದ ಒಂದು ನಿಯಮವಿದೆ. ಯಜ್ಞವೊಂದರಲ್ಲಿ ಬಳಸಿದ ವಸ್ತ್ರ ಪುರೋಹಿತನಾದ ಅಧ್ವರ್ಯುವಿಗೆ ಸೇರಬೇಕೆಂಬ ವಿಧಿಯನ್ನು ಭಾಷ್ಯಕಾರ ಶಬರಸ್ವಾಮಿ ಎತ್ತಿಕೊಂಡು, ಇದರ ಹಿಂದೆ ಲೋಭ ಕಣ್ಣಿಗೆ ಕಾಣುತ್ತಿದೆ, ಆದ್ದರಿಂದ ಇದು ಪ್ರಮಾಣವಲ್ಲ ಎನ್ನುತ್ತಾನೆ. ಪುರೋಹಿತರ ಶಾಸ್ತ್ರವೇ ಪುರೋಹಿತರ ಜೇಬನ್ನು ಶಂಕಿಸಿದ್ದು ದೊಡ್ಡ ಮಾತು. ಈಗ ಈ ಸೂತ್ರ ಹಿಡಿದು ನೋಡಿ. ಹೃದ್ರೋಗದ ತಪ್ಪನ್ನು ಸಕ್ಕರೆಯಿಂದ ಕೊಬ್ಬಿನ ಕಡೆಗೆ ಸರಿಸಿದ ಪ್ರಭಾವಶಾಲಿ ವಿಮರ್ಶಾ ಲೇಖನವೊಂದು ಅಮೆರಿಕದಲ್ಲಿ 1967ರಲ್ಲಿ ಬಂತು. ಅದನ್ನು ಬರೆದ ಹಾರ್ವರ್ಡಿನ ವಿಜ್ಞಾನಿಗಳಿಗೆ ಸಕ್ಕರೆ ಉದ್ಯಮದ ಸಂಘಟನೆಯಿಂದ ಹಣ ಸಂದಿತ್ತೆಂದು, ಅದು 2016ರ ಬೆಲೆಯಲ್ಲಿ ಸುಮಾರು 50,000 ಡಾಲರ್ ಎಂದು, ಹಳೆಯ ಕಾಗದಪತ್ರಗಳಿಂದ 2016ರಲ್ಲಿ ಹೊರಬಿತ್ತು. ವಿಜ್ಞಾನ ತಿದ್ದಿಕೊಂಡದ್ದು ಅದರ ಗುಣ. ಲೋಭ ಮಾತಾಡಿದ್ದು ಬೇರೆ ಕಥೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಬಾರದು.

ಅಂಗಡಿಯಲ್ಲಿ ಇನ್ನೊಂದು ಸೂತ್ರ ಕೆಲಸಕ್ಕೆ ಬರುತ್ತದೆ. ಏನು ಮಾಡಬೇಕೆಂದು ಹೇಳುವುದು ವಿಧಿ, ಹೊಗಳುವ ಮಾತು ಅರ್ಥವಾದ. ಪೊಟ್ಟಣದ ಮುಂಭಾಗದಲ್ಲಿ ದಪ್ಪಕ್ಷರದ ‘ಮಲ್ಟಿಗ್ರೇನ್’, ‘ಬೆಲ್ಲದ ಒಳ್ಳೆಯತನ’, ‘ಬೆಳೆಯುವ ಮಕ್ಕಳಿಗೆ’ ಎಲ್ಲವೂ ಅರ್ಥವಾದ. ಹಿಂಭಾಗದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿರುವ ಪಟ್ಟಿಯನ್ನು ವಿಧಿಯೆಂದು ಓದಿ. ಅಲ್ಲಿ ಸಾಮಗ್ರಿಗಳು ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿರುತ್ತವೆ. ಸಕ್ಕರೆ, ಇನ್‌ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಂದು ಒಂದೇ ಆಸಾಮಿ ಮೂರು ಹೆಸರಿನಲ್ಲಿ ಮೂರು ಕಡೆ ಕೂತಿರಬಹುದು. ಕೆಳಗೆ ‘ಆಡೆಡ್ ಶುಗರ್ಸ್’ ಎಂಬ ಸಾಲಿದೆ. ಅದನ್ನು ಐದರಿಂದ ಭಾಗಿಸಿದರೆ ಚಮಚದ ಲೆಕ್ಕ ಸಿಗುತ್ತದೆ.

7. ಪ್ರತಿನಿಧಿಯ ಅಧಿಕರಣ

ಪೂರ್ವಪಕ್ಷ: ಸಕ್ಕರೆಯ ದೋಷ ಅದರ ಕ್ಯಾಲೊರಿಯಲ್ಲಿ. ಕ್ಯಾಲೊರಿ ಇಲ್ಲದ ಸಿಹಿ ಸಿಕ್ಕರೆ ದೋಷ ಹೋಯಿತು, ಸುಖ ಉಳಿಯಿತು. ಗುಳಿಗೆ ಹಾಕಿ, ಟೀ ಕುಡಿಯಿರಿ.

ಸಿದ್ಧಾಂತ: ಈ ಬದಲಿಗಳಲ್ಲಿ ಹಲವು ಅಚಾತುರ್ಯದ ಮಕ್ಕಳು. ಕಾನ್‌ಸ್ಟಂಟೀನ್ ಫಾಲ್‌ಬರ್ಗ್ 1879ರಲ್ಲಿ ಪ್ರಯೋಗಶಾಲೆಯಿಂದ ಬಂದು ಕೈ ತೊಳೆಯದೆ ಉಂಡದ್ದರಿಂದ ಸ್ಯಾಕರಿನ್ ಸಿಕ್ಕಿತು. ಲಂಡನ್ನಿನಲ್ಲಿ 1976ರಲ್ಲಿ ಶಶಿಕಾಂತ ಫಡ್ನಿಸ್ ಎಂಬ ಭಾರತೀಯ ಸಂಶೋಧಕರಿಗೆ ‘ಟೆಸ್ಟ್ ಮಾಡು’ ಎಂದದ್ದು ‘ಟೇಸ್ಟ್ ಮಾಡು’ ಎಂದು ಕೇಳಿಸಿ ಸಕ್ಕರೆಗಿಂತ 600 ಪಟ್ಟು ಸಿಹಿಯಾದ ಸುಕ್ರಲೋಸ್ ನಾಲಿಗೆಗೆ ಬಿತ್ತೆಂದು ಹೇಳುತ್ತಾರೆ.

ಮೊದಲು ಭಯ ಬಿಡಿಸೋಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2023ರ ಜುಲೈನಲ್ಲಿ ಇಂಥದೇ ಇನ್ನೊಂದು ಬದಲಿಯಾದ ಆಸ್ಪರ್ಟೇಮನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯಿರಬಹುದು’ ಎಂಬ ವರ್ಗಕ್ಕೆ ಸೇರಿಸಿತು. ಆ ವರ್ಗ ಸಾಕ್ಷ್ಯ ಸೀಮಿತ ಎಂಬುದನ್ನೇ ಹೇಳುತ್ತದೆ. ಅದೇ ಹೊತ್ತಿಗೆ ಆಹಾರ ಸುರಕ್ಷತೆಯ ಸಮಿತಿ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ 40 ಮಿಲಿಗ್ರಾಂವರೆಗೆ ಸೇವಿಸಬಹುದೆಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 60 ಕೆಜಿ ತೂಗುವವರಿಗೆ ಅದು 2400 ಮಿಲಿಗ್ರಾಂ. ಡಯೆಟ್ ಪಾನೀಯದ ಒಂದು ಕ್ಯಾನಿನಲ್ಲಿ 200ರಿಂದ 300 ಇರುತ್ತದೆ. ಟೀಗೆ ಹಾಕುವ ಎರಡು ಗುಳಿಗೆ ಆ ಮಿತಿಯ ಹತ್ತಿರವೂ ಸುಳಿಯದು. ಫೀನೈಲ್‌ಕೀಟೋನ್ಯೂರಿಯ ಎಂಬ ಅಪರೂಪದ ಹುಟ್ಟುತೊಂದರೆ ಇರುವವರು ಮಾತ್ರ ಆಸ್ಪರ್ಟೇಮ್ ಮುಟ್ಟಬಾರದು.

ವಿಷವಲ್ಲ ಎಂದ ಮಾತ್ರಕ್ಕೆ ಹಿತವೆಂದಾಗುವುದಿಲ್ಲ. ತೂಕ ಇಳಿಸಲೆಂದು ಇವುಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ಕೊಟ್ಟಿತು. ಸ್ಟೀವಿಯ ಎಲೆಯ ಸಾರವೂ ಆ ಪಟ್ಟಿಯಲ್ಲಿದೆ. ದೀರ್ಘಕಾಲದಲ್ಲಿ ಮೈಯ ಕೊಬ್ಬು ಇಳಿದದ್ದು ಕಾಣಲಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದರಲ್ಲೇ ಇದೆ. ಮಾವನಂಥವರು ಸಕ್ಕರೆಯ ರೂಢಿಯಿಂದ ಹೊರಬರಲು ಗುಳಿಗೆಯನ್ನು ಕೆಲಕಾಲ ಊರುಗೋಲು ಮಾಡಿಕೊಂಡರೆ ನನ್ನ ಆಕ್ಷೇಪವಿಲ್ಲ.

ನನ್ನ ಆಕ್ಷೇಪ ಬೇರೆ, ಅದು ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯದಿಂದ ಬಂದದ್ದು. ಭತ್ತ ಸಿಗದಾಗ ಕಾಡುಭತ್ತವಾದ ನೀವಾರವನ್ನು ಪ್ರತಿನಿಧಿಯಾಗಿ ತೆಗೆದುಕೊಳ್ಳಬಹುದು ಎಂದು ಅಲ್ಲಿ ಚರ್ಚೆಯಿದೆ. ಏಕೆ ಬಹುದು? ಕರ್ಮ ನಿತ್ಯವಾದ್ದರಿಂದ ನಿಲ್ಲಿಸುವಂತಿಲ್ಲ, ಅದಕ್ಕೆ. ಕಾಮ್ಯಕ್ಕೆ ಆ ಅವಸರವಿಲ್ಲ. ಸಾಂಗವಾಗಿ ನಡೆಯದಿದ್ದರೆ ಕೈಹಾಕಲೇಬೇಡ ಎನ್ನುತ್ತಾರೆ. ಈಗ ಸಂಜೆ ನಾಲ್ಕರ ಸಿಹಿ ಟೀಗೆ ಪ್ರತಿನಿಧಿ ಹುಡುಕುವವನು ತಾನರಿಯದೆ ಒಂದು ಮಾತು ಒಪ್ಪಿಕೊಂಡಿದ್ದಾನೆ: ಸಿಹಿ ನಿತ್ಯ, ಬಿಡುವಂತಿಲ್ಲ ಎಂದು. ಆ ಒಪ್ಪಿಗೆ ಉಳಿದಿರುವವರೆಗೆ ನಾಲಿಗೆ ಅದೇ ಎತ್ತರದ ಸಿಹಿಯನ್ನೇ ಕೇಳುತ್ತದೆ. ಗುಳಿಗೆ ಇಲ್ಲದ ಮದುವೆಮನೆಯಲ್ಲಿ ಅದೇ ನಾಲಿಗೆ ಎರಡು ಜಹಾಂಗೀರಿಗೆ ಕೈಚಾಚುತ್ತದೆ. ‘ಶುಗರ್ ಫ್ರೀ ಮೈಸೂರು ಪಾಕ್’ ಎಂಬ ಪೆಟ್ಟಿಗೆಯಲ್ಲಿ ಸಕ್ಕರೆ ಇಲ್ಲದಿರಬಹುದು. ತುಪ್ಪ ಗ್ರಾಂಗೆ 9 ಕ್ಯಾಲೊರಿಯಂತೆ ಇದ್ದೇ ಇದೆ.

ಇಲ್ಲಿ ಒಂದು ಆಪದ್ಧರ್ಮ ಹೇಳಲೇಬೇಕು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಕೈ ನಡುಕ, ಬೆವರು, ತಲೆಸುತ್ತು ಬಂದು ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಾಗ 15 ಗ್ರಾಂ ಗ್ಲೂಕೋಸನ್ನೋ ಸಕ್ಕರೆಯನ್ನೋ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆ ಗಳಿಗೆಯಲ್ಲಿ ಸಕ್ಕರೆಯೇ ಔಷಧಿ, ಗುಳಿಗೆ ಕಸ. ಪ್ರತಿನಿಧಿ ನಡೆಯುವುದಿಲ್ಲ.

8. ಆಚಾರದ ಅಧಿಕರಣ

ಪೂರ್ವಪಕ್ಷ: ಬಂದವರಿಗೆ ಬೆಲ್ಲ-ನೀರು ಕೊಡುವ ನಾಡಿದು. ಯುಗಾದಿಗೆ ಬೇವು-ಬೆಲ್ಲ, ಸಂಕ್ರಾಂತಿಗೆ ಎಳ್ಳು-ಬೆಲ್ಲ. ಸಿಹಿ ಬಿಡಿ ಎನ್ನುವುದು ಸಂಸ್ಕೃತಿ ಬಿಡಿ ಎಂದ ಹಾಗೆ. ಅಲ್ಲದೆ ನಮ್ಮ ತಾತ ದಿನಾ ಬೆಲ್ಲ ತಿಂದು ತೊಂಬತ್ತು ಬದುಕಿದ.

ಸಿದ್ಧಾಂತ: ಆಚಾರವನ್ನು ಬಿಡಬೇಡಿ, ಅದರ ನಿಮಿತ್ತವನ್ನು ನೋಡಿ. ಬೆಲ್ಲ-ನೀರು ಬಿಸಿಲಲ್ಲಿ ಹರದಾರಿ ನಡೆದು ಬಂದವನಿಗೆ ಕೊಟ್ಟದ್ದು. ಅವನ ನಡಿಗೆಯೇ ನಿಮಿತ್ತ. ಲಿಫ್ಟಿನಲ್ಲಿ ಬಂದವನಿಗೆ ಜ್ಯೂಸ್ ಕೊಡುವಾಗ ಆಚಾರದ ರೂಪ ಉಳಿದಿದೆ, ನಿಮಿತ್ತ ಹೋಗಿದೆ. ಯುಗಾದಿಯ ಬೆಲ್ಲ ಬೇವಿನ ಜೊತೆಗೆ ಬರುತ್ತದೆ, ವರ್ಷಕ್ಕೊಮ್ಮೆ, ಬೆರಳ ತುದಿಯಷ್ಟು. ತಾತ ನೇಗಿಲ ಹಿಂದೆ ನಡೆದವನು. ಅವನ ತೊಡೆಯ ಸ್ನಾಯು ಬೆಲ್ಲವನ್ನು ಮಧ್ಯಾಹ್ನದೊಳಗೆ ಸುಟ್ಟು ಮುಗಿಸುತ್ತಿತ್ತು. ಅವನ ಬೆಲ್ಲವನ್ನು ಉಳಿಸಿಕೊಂಡು ನೇಗಿಲನ್ನು ಬಿಟ್ಟವರು ನಾವು.

ಸಿಹಿ ಹೇರಳವಾದದ್ದೂ ಬಹಳ ಹಿಂದಿನ ಮಾತಲ್ಲ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಆಮೇಲೂ ಎಷ್ಟೋ ಕಾಲ ನ್ಯಾಯಬೆಲೆ ಅಂಗಡಿಯ ಸಕ್ಕರೆ ಮನೆಯ ಎತ್ತರದ ಕಪಾಟಿನಲ್ಲಿ ನೆಂಟರಿಗಾಗಿ ಕಾದಿರುತ್ತಿತ್ತು. ಕೊರತೆಯೇ ನಮ್ಮನ್ನು ಕಾಯುತ್ತಿತ್ತು. ಈಗ ಕೊರತೆ ಇಲ್ಲ, ಕಾವಲನ್ನು ನಾವೇ ಕಾಯಬೇಕು.

“ಒಂದು ಚೂರು ತಾನೆ” ಎನ್ನುವವರಿಗೆ ಹಲ್ಲಿನ ಸಾಕ್ಷಿ ಇದೆ. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1945ರಿಂದ ಹತ್ತು ವರ್ಷ, ಬುದ್ಧಿಮಾಂದ್ಯರಾದ ರೋಗಿಗಳ ಮೇಲೆ ಸಿಹಿಯ ಪ್ರಯೋಗ ನಡೆಯಿತು. ಒಪ್ಪಿಗೆ ಕೇಳದೆ ಅವರ ಹಲ್ಲು ಕೆಡಿಸಿದ್ದು ವೈದ್ಯಕೀಯದ ನಾಚಿಕೆಗೇಡಿನ ಪುಟ. ಆ ನಿಸ್ಸಹಾಯಕರ ಬಾಯಿಯಿಂದ ಜಗತ್ತಿಗೆ ತಿಳಿದದ್ದು ಇದು: ಊಟದ ಜೊತೆಗೆ ತಿಂದ ಸಕ್ಕರೆ ಹಲ್ಲನ್ನು ಅಷ್ಟಾಗಿ ಕೆಡಿಸಲಿಲ್ಲ, ಊಟಗಳ ನಡುವೆ ಮತ್ತೆ ಮತ್ತೆ ಕೊಟ್ಟ ಅಂಟು ಟಾಫಿ ನುಚ್ಚುನೂರು ಮಾಡಿತು. ಪ್ರತಿ ಸಲ ಸಿಹಿ ಬಿದ್ದಾಗಲೂ ಬಾಯೊಳಗಿನ ಬ್ಯಾಕ್ಟೀರಿಯಾ ಹುಳಿ ಉತ್ಪಾದಿಸುತ್ತದೆ, ಹಲ್ಲಿನ ಮೇಲ್ಪದರ ಕರಗುತ್ತದೆ. ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ಎಷ್ಟು ಎಂಬುದಕ್ಕಿಂತ ಎಷ್ಟು ಸಲ ಎಂಬುದು ಇಲ್ಲಿ ದೊಡ್ಡದು. ನಿತ್ಯ-ನೈಮಿತ್ತಿಕದ ಭೇದವನ್ನು ಹಲ್ಲು ಬಲ್ಲದು.

9. ಸಂಗತಿ: ಪ್ರಯೋಗ ಹೇಗೆ

ಆರು ಅಧಿಕರಣಗಳೂ ಒಂದೇ ಕಡೆ ಬಂದು ಸೇರುತ್ತವೆ: ದಿನದ ಕ್ರಮದಿಂದ ಸಿಹಿಯನ್ನು ಕೆಳಗಿಳಿಸಿ, ನಿಮಿತ್ತಕ್ಕೆ ಕಾದಿಡಿ. ಅದಕ್ಕೆ ವ್ರತ ಹಿಡಿಯಬೇಕಿಲ್ಲ.

ಸಿಹಿಯನ್ನು ಕುಡಿಯುವುದನ್ನು ಮೊದಲು ನಿಲ್ಲಿಸಿ. ತಂಪುಪಾನೀಯ, ಪೊಟ್ಟಣದ ರಸ, ‘ಶಕ್ತಿ’ ಕೊಡುವ ಪುಡಿ ಬೆರೆಸಿದ ಹಾಲು ಎಲ್ಲವೂ ಸೇರಿ. ಬಾಯಾರಿಕೆಗೆ ನೀರಿದೆ, ಉಪ್ಪು-ಇಂಗು ಹಾಕಿದ ನೀರುಮಜ್ಜಿಗೆ ಇದೆ. ಟೀಯ ಚಮಚವನ್ನು ವಾರಕ್ಕೆ ಕಾಲುಭಾಗದಂತೆ ಇಳಿಸಿ. ಒಂದೆರಡು ತಿಂಗಳಲ್ಲಿ ನಾಲಿಗೆಯೇ ಹಳೆಯ ಟೀಯನ್ನು ಪಾಯಸ ಎನ್ನುತ್ತದೆ. ಸಕ್ಕರೆ ಡಬ್ಬವನ್ನು ಒಲೆಯ ಪಕ್ಕದಿಂದ ಮೇಲಿನ ಕಪಾಟಿಗೆ ಕಳಿಸಿ, ಚಮಚವನ್ನು ಹೊರಗಿಡಿ. ಸಿಹಿ ತಿನ್ನುವ ದಿನ ಊಟದ ಜೊತೆ ಎಲೆಯ ಮೇಲೆ ತಿನ್ನಿ, ಊಟಗಳ ನಡುವೆ ಬೇಡ. ಎರಡು ವರ್ಷ ತುಂಬದ ಮಗುವಿನ ಗಂಜಿಗೆ ಸಕ್ಕರೆಯೂ ಬೇಡ, ಬೆಲ್ಲವೂ ಬೇಡ. ಅದಕ್ಕೆ ಸಪ್ಪೆ ಎಂಬುದೇ ಗೊತ್ತಿಲ್ಲ.

ಉಂಡ ಮೇಲೆ ಹತ್ತು ನಿಮಿಷ ನಡೆಯಿರಿ. ನ್ಯೂಜಿಲೆಂಡಿನಲ್ಲಿ ಮಧುಮೇಹಿಗಳ ಮೇಲೆ ನಡೆದ 2016ರ ಪರೀಕ್ಷೆಯಲ್ಲಿ ದಿನಕ್ಕೊಮ್ಮೆ ಅರ್ಧ ಗಂಟೆ ನಡೆದದ್ದಕ್ಕಿಂತ ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದದ್ದು ಊಟದ ಬಳಿಕದ ಸಕ್ಕರೆಯನ್ನು ಚೆನ್ನಾಗಿ ಇಳಿಸಿತು. ನಡೆಯುವ ಸ್ನಾಯು ಇನ್ಸುಲಿನ್ನಿನ ದಾರಿ ಕಾಯದೆ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಇದು ತಾತನ ನೇಗಿಲಿಗೆ ಪ್ರತಿನಿಧಿ, ಮತ್ತು ಇದು ನಿತ್ಯಕರ್ಮ. ಇಲ್ಲಿ ಪ್ರತಿನಿಧಿ ಸಲ್ಲುತ್ತದೆ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಇವನ್ನೆಲ್ಲ ಶುರು ಮಾಡುವ ಮುನ್ನ ವೈದ್ಯರಿಗೆ ಹೇಳಿ. ತಿನ್ನುವುದು ಇಳಿದರೆ ಮಾತ್ರೆಯೂ ಇಳಿಯಬೇಕಾಗಬಹುದು.

ಇಷ್ಟನ್ನೂ ಮಾವನಿಗೆ ಫೋನಿನಲ್ಲಿ ಒಪ್ಪಿಸಿದೆ. ಅವರು ಕೊನೆಯವರೆಗೆ ಕೇಳಿ, “ಅಂದರೆ ಬೆಲ್ಲನೂ ಹೋಯ್ತು, ಗುಳಿಗೆನೂ ಹೋಯ್ತು. ನಮ್ಮಂಥೋರಿಗೆ ಏನು ಉಳೀತೋ?” ಎಂದರು.

“ಹಬ್ಬ ಉಳೀತು ಮಾವ.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದ್ದು ಕೇಳಿಸಿತು: “ಲೇ, ಮುಂದಿನ ಹಬ್ಬ ಯಾವುದೇ? ಕ್ಯಾಲೆಂಡರ್ ತಗೊಂಬಾ.”